ಹೋಗಿ ಬಂದ ಮೇಲೆ ಉಳಿಯುವ ಸೇವೆ

ಚರ್ಚಿನಿಂದ ತಂಡವಾಗಿ ಬೇರೆ ಊರಿಗೋ ದೇಶಕ್ಕೋ ಕೆಲವು ದಿನ ಸೇವೆಗೆ ಹೋಗುವ ಮಿಷನ್ ಪ್ರವಾಸದಿಂದ ಮರಳಿದವರು ಸಭೆಯ ಮುಂದೆ ಸಾಕ್ಷಿ ಹೇಳುವಾಗ ಒಂದು ಮಾತು ತಪ್ಪದೆ ಬರುತ್ತದೆ: 'ಕೊಡಲು ಹೋದೆವು, ಪಡೆದುಕೊಂಡು ಬಂದೆವು.' ಆ ಮಾತು ಸುಳ್ಳಲ್ಲ. ಆದರೆ ಆರು ತಿಂಗಳು ಕಳೆದ ಮೇಲೆ ಅದೇ ಮಂದಿಯ ವಾರದ ದಿನಚರಿಯನ್ನು ನೋಡಿದರೆ ಕೆಲವರಲ್ಲಿ ಸೇವೆ ಬೇರು ಬಿಟ್ಟಿರುತ್ತದೆ, ಇನ್ನು ಕೆಲವರಲ್ಲಿ ಫೋಟೊಗಳು ಮಾತ್ರ ಉಳಿದಿರುತ್ತವೆ. ಎಲ್ಲರೂ ಒಂದೇ ತಂಡದಲ್ಲಿ ಹೋದವರು, ಒಂದೇ ಗೋಡೆಗೆ ಇಟ್ಟಿಗೆ ಹೊತ್ತವರು, ಒಂದೇ ಪ್ರಾರ್ಥನೆಯಲ್ಲಿ ಕಣ್ಣೀರಿಟ್ಟವರು. ಹಾಗಾದರೆ ಈ ವ್ಯತ್ಯಾಸ ಎಲ್ಲಿಂದ ಬಂತು? ಭಕ್ತಿ ಹೆಚ್ಚು ಕಡಿಮೆ ಇದ್ದದ್ದರಿಂದ ಎಂದು ಹೇಳಿ ಮುಗಿಸುವುದು ಸುಲಭ, ಆದರೆ ಅದು ಸರಿಯಲ್ಲ. ಪ್ರವಾಸವನ್ನು ಹೇಗೆ ಕಟ್ಟಿದ್ದರು, ಮರಳಿದ ಮೊದಲ ವಾರಗಳಲ್ಲಿ ಏನು ಮಾಡಿದರು ಎಂಬುದರಲ್ಲೇ ಉತ್ತರದ ಬಹುಪಾಲು ಇದೆ.

ಲೂಕನ ಸುವಾರ್ತೆಯ ಹತ್ತನೇ ಅಧ್ಯಾಯವನ್ನು ಮೊದಲಿನಿಂದ ಕೊನೆಯವರೆಗೆ ಒಮ್ಮೆಲೇ ಓದಿದವರಿಗೆ ಇದು ಹೊಳೆಯುತ್ತದೆ. ನಾವು ಅದನ್ನು ತುಂಡು ಮಾಡಿ ಓದಿ ಅಭ್ಯಾಸ. ಯೇಸು ಎಪ್ಪತ್ತು ಮಂದಿ ಶಿಷ್ಯರನ್ನು ಕಳುಹಿಸಿದ್ದು ಒಂದು ಭಾನುವಾರದ ಪಾಠ, ಗಾಯಗೊಂಡು ಬಿದ್ದ ಅಪರಿಚಿತನಿಗೆ ನೆರವಾದ ಸಮಾರ್ಯದವನು ಮತ್ತೊಂದು ಭಾನುವಾರಕ್ಕೆ, ಮಾರ್ಥ ಮರಿಯರು ಇನ್ನಾವಾಗಲೋ. ಲೂಕನು ಇವನ್ನೆಲ್ಲ ಒಂದರ ಬೆನ್ನಿಗೆ ಒಂದನ್ನು ಇಟ್ಟಿದ್ದಾನೆ: ಹೊರಡುವುದು, ಸಂತೋಷದಿಂದ ಮರಳುವುದು, ದಾರಿಯಲ್ಲಿ ಬಿದ್ದವನ ಬಳಿ ನಿಲ್ಲುವುದು, ಕೊನೆಗೆ ಸೇವೆಯ ಗಡಿಬಿಡಿಯಲ್ಲಿ ಕುಗ್ಗಿಹೋದ ಒಬ್ಬ ಹೆಣ್ಣುಮಗಳು. ಮಿಷನ್ ಪ್ರವಾಸವೊಂದರ ಆದಿಯಿಂದ ಅಂತ್ಯದವರೆಗಿನ ನಕ್ಷೆ ಇದಕ್ಕಿಂತ ಚೆನ್ನಾಗಿ ಬೇರೆಲ್ಲೂ ಸಿಗುವುದಿಲ್ಲ.

ಹೊರಡುವಾಗ ಯೇಸು ಕೊಟ್ಟ ಸೂಚನೆಗಳನ್ನೇ ನೋಡಿ. ಹಣದ ಚೀಲ ಬೇಡ, ಹಸಿಬೆ ಬೇಡ, ಕೆರ ಬೇಡ. ಇಬ್ಬಿಬ್ಬರಾಗಿ ಹೋಗಿ. ಕರೆದವರ ಮನೆಯಲ್ಲೇ ಇರಿ, ಮನೆಯಿಂದ ಮನೆಗೆ ಅಲೆಯಬೇಡಿ. ಬಡಿಸಿದ್ದನ್ನು ಉಣ್ಣಿ. ರೋಗಿಗಳನ್ನು ಗುಣಪಡಿಸಲು ಹೊರಟವರು ರಾತ್ರಿಯ ಊಟಕ್ಕೆ ಇನ್ನೊಬ್ಬರ ಬಾಗಿಲಲ್ಲಿ ನಿಲ್ಲಬೇಕಾದಂತೆ ಮಾಡಿದ ಏರ್ಪಾಡು ಇದು. ಎಲ್ಲವನ್ನೂ ಹೊತ್ತು ಹೋದವನಿಗೆ ಯಾರ ಹಂಗೂ ಇಲ್ಲ. ಅವನ ಕಣ್ಣಿಗೆ ಅಲ್ಲಿನ ಕೊರತೆ ಮಾತ್ರ ಕಾಣುತ್ತದೆ. ನೀರು ಎಲ್ಲಿದೆ ಎಂದು ಕೇಳಲು ಭಾಷೆ ಬಾರದೆ ನಿಂತವನನ್ನು ಆ ಊರಿನ ಹುಡುಗಿಯೊಬ್ಬಳು ಕೈಹಿಡಿದು ಕರೆದೊಯ್ದರೆ, ಆ ಕ್ಷಣದಿಂದ ಅವಳು ಅವನಿಗೆ 'ಬಡ ಮಗು' ಅಲ್ಲ, ಸಹಾಯ ಮಾಡಿದವಳು. ಸೇವೆಯ ಆಸೆ ಗಟ್ಟಿಯಾಗುವುದು ಇಲ್ಲಿ. ಕನಿಕರ ಮೇಲಿನಿಂದ ಕೆಳಕ್ಕೆ ಇಳಿಯುವುದನ್ನು ಬಿಟ್ಟು ಎದುರುಬದುರಾಗುತ್ತದೆ.

ಇದು ಕೇಳಲು ಹಿತವಾಗಿದೆ, ಮಾಡಲು ಕಷ್ಟ. ಯೋಹಾನನ ಸುವಾರ್ತೆಯ ಹದಿಮೂರನೇ ಅಧ್ಯಾಯದಲ್ಲಿ ಕಾಲು ತೊಳೆಯಿಸಿಕೊಳ್ಳಲು ಒಪ್ಪದವನು ಪೇತ್ರ. ಗುರುವಿನಿಂದ ಸೇವೆ ಪಡೆಯುವುದೇ ಅವನಿಗೆ ಮುಜುಗರವಾಗಿತ್ತು. ಮೊದಲ ಸಲ ಮಿಷನ್‌ಗೆ ಹೊರಟ ಬಹಳಷ್ಟು ಜನರ ಕಷ್ಟವೂ ಅದೇ. ಅತಿಥೇಯರು ತಮ್ಮ ಹಾಸಿಗೆ ಬಿಟ್ಟುಕೊಟ್ಟು ತಾವು ನೆಲದ ಮೇಲೆ ಮಲಗಿದರೆ ಇವರಿಗೆ ನಿದ್ದೆ ಬರುವುದಿಲ್ಲ, ಬೇಡವೆಂದು ಹಟ ಹಿಡಿಯುತ್ತಾರೆ. ಹಟ ಹಿಡಿಯಬಾರದು, ಪಡೆದುಕೊಳ್ಳಬೇಕು. ಹಾಗೆ ಪಡೆದುಕೊಳ್ಳುವುದೂ ಅತಿಥೇಯರಿಗೆ ಕೊಡುವ ಗೌರವವೇ.

ಹಾಗಾಗಿ ಪ್ರವಾಸ ಏರ್ಪಡಿಸುವವರು ಮೊದಲು ತಂಡದ ಗಾತ್ರ ಮತ್ತು ವಾಸದ ವ್ಯವಸ್ಥೆಯ ಬಗ್ಗೆ ಯೋಚಿಸಲಿ. ಎಂಟರಿಂದ ಹನ್ನೆರಡು ಮಂದಿ ಸಾಕು. ಹದಿನೈದು ದಾಟಿದರೆ ತಂಡವೇ ಒಂದು ಪುಟ್ಟ ಊರಾಗಿಬಿಡುತ್ತದೆ: ಅವರದೇ ಹರಟೆ, ಅವರದೇ ಬಸ್ಸು, ಅವರದೇ ಅಡುಗೆಯವರು. ಸಾಧ್ಯವಾದಲ್ಲೆಲ್ಲ ಇಬ್ಬಿಬ್ಬರಂತೆ ಮನೆಗಳಲ್ಲಿ ಉಳಿಯಲಿ. ಯಾವ ಮನೆ ಎಂಬುದನ್ನು ಅಲ್ಲಿನ ಸಭೆಯವರು ತೀರ್ಮಾನಿಸಲಿ. ಒಬ್ಬೊಬ್ಬರಿಗೆ ಹತ್ತು ಕೆ.ಜಿ.ಯೊಳಗಿನ ಒಂದು ಚೀಲ. ಹೊರಡುವ ಮುಂಚೆ ಅಲ್ಲಿನ ಭಾಷೆಯ ಮೂವತ್ತು ವಾಕ್ಯಗಳನ್ನು ಬಾಯಿಗೆ ಬರುವಂತೆ ಕಲಿಯಬೇಕು. ನಮಸ್ಕಾರ, ಧನ್ಯವಾದ, ಕ್ಷಮಿಸಿ ಎಂಬವುಗಳ ಜೊತೆಗೆ 'ಇದನ್ನು ಹೇಗೆ ಮಾಡುವುದು, ತೋರಿಸಿಕೊಡಿ' ಎಂಬ ವಾಕ್ಯವೂ ಇರಲಿ. ಉಳಿದ ಇಪ್ಪತ್ತೊಂಬತ್ತಕ್ಕಿಂತ ಅದೊಂದೇ ಹೆಚ್ಚು ಬಾಗಿಲು ತೆರೆಯುತ್ತದೆ.

ಅದಕ್ಕಿಂತಲೂ ಮೊದಲಿನ ಪ್ರಶ್ನೆ: ಕರೆದವರು ಯಾರು? ಅಪೊಸ್ತಲರ ಕೃತ್ಯಗಳ ಹದಿನಾರನೇ ಅಧ್ಯಾಯದಲ್ಲಿ ಪೌಲನು ತನಗೆ ತೋಚಿದ ಕಡೆಗೆ ಹೋಗಲು ಎರಡು ಸಲ ಪ್ರಯತ್ನಿಸಿ, ತಡೆಯಲ್ಪಟ್ಟು, ಕೊನೆಗೆ ಮಕೆದೋನ್ಯದವನೊಬ್ಬನು 'ಬಂದು ನಮಗೆ ನೆರವಾಗು' ಎಂದು ಬೇಡಿಕೊಳ್ಳುವುದನ್ನು ದರ್ಶನದಲ್ಲಿ ಕಂಡು ಹೊರಟ. ನಮ್ಮ ಬಹಳಷ್ಟು ಪ್ರವಾಸಗಳಲ್ಲಿ ಈ ಕ್ರಮ ತಲೆಕೆಳಗಾಗಿರುತ್ತದೆ. ದಿನಾಂಕ ಮೊದಲು ನಿಶ್ಚಯವಾಗುತ್ತದೆ, ಆಮೇಲೆ ಊರು, ಕೊನೆಗೆ ಅಲ್ಲಿ ಮಾಡಲು ಒಂದು ಕೆಲಸ ಹುಡುಕಾಟ. ಕನಿಷ್ಠ ನಾಲ್ಕೈದು ತಿಂಗಳ ಮುಂಚೆ ಅಲ್ಲಿನ ಸಭಾಪಾಲಕರೊಂದಿಗೆ ಮಾತು ಶುರುವಾಗಬೇಕು. 'ನಾವು ಬಂದು ಏನು ಮಾಡಲಿ?' ಎಂದು ಕೇಳಿದರೆ ಸಾಲದು. ಅತಿಥಿಗಳಿಗೆ ಇಲ್ಲ ಎನ್ನುವುದು ಯಾರಿಗೂ ಕಷ್ಟ. ಅದರಲ್ಲೂ ಮುಂದೆ ಹಣದ ನೆರವು ಬರಬಹುದೆಂಬ ನಿರೀಕ್ಷೆ ಇದ್ದರೆ, ನೀವು ಏನು ಹೇಳಿದರೂ ಒಪ್ಪುತ್ತಾರೆ. ಕೇಳಬೇಕಾದ ಪ್ರಶ್ನೆಗಳು ಬೇರೆ: ನಾವು ಬರದಿದ್ದರೆ ಈ ಕೆಲಸ ಯಾರು ಮಾಡುತ್ತಿದ್ದರು? ಅವರ ಕೂಲಿಯನ್ನು ನಾವು ಕಿತ್ತುಕೊಳ್ಳುತ್ತಿದ್ದೇವೆಯೇ? ನಾವು ಹೊರಟ ಮರುದಿನ ಇದನ್ನು ನೋಡಿಕೊಳ್ಳುವವರು ಯಾರು? ಇವಕ್ಕೆ ಹೆಸರು ಹಿಡಿದು ಉತ್ತರ ಸಿಗದಿದ್ದರೆ ಆ ಕೆಲಸವನ್ನು ಕೈಬಿಡುವುದೇ ಮೇಲು.

ಕಟ್ಟಡದ ಕೆಲಸವನ್ನೇ ತೆಗೆದುಕೊಳ್ಳೋಣ, ಮಿಷನ್ ತಂಡಗಳಿಗೆ ಅದು ಬಹಳ ಪ್ರಿಯ. ಇಟ್ಟಿಗೆ ಗೋಡೆಗೆ ಸಾಮಾನ್ಯವಾಗಿ ಒಂದು ಪಾಲು ಸಿಮೆಂಟಿಗೆ ಆರು ಪಾಲು ಮರಳಿನ ಗಾರೆ. ನೀರು ಬೆರೆಸಿದ ಗಾರೆಯನ್ನು ಎರಡು ಗಂಟೆಯೊಳಗೆ ಬಳಸಿ ಮುಗಿಸಬೇಕು. ಇಟ್ಟಿಗೆಯನ್ನು ಮೊದಲೇ ನೆನೆಸದಿದ್ದರೆ ಅದು ಗಾರೆಯ ನೀರನ್ನು ಹೀರಿಕೊಂಡು ಬೆಸುಗೆಯನ್ನು ಸಡಿಲ ಮಾಡುತ್ತದೆ. ದಿನಕ್ಕೆ ಒಂದೂವರೆ ಮೀಟರಿಗಿಂತ ಎತ್ತರಕ್ಕೆ ಗೋಡೆ ಏರಿಸಬಾರದು, ಹಸಿ ಗಾರೆ ಮೇಲಿನ ಭಾರಕ್ಕೆ ಕುಸಿಯುತ್ತದೆ. ಕಟ್ಟಿದ ಮೇಲೆ ಗಾರೆ ಗಟ್ಟಿಯಾಗಲು (ಕ್ಯೂರಿಂಗ್) ಕನಿಷ್ಠ ಏಳು ದಿನ ನೀರು ಹಾಕುತ್ತಲೇ ಇರಬೇಕು. ಈಗ ತಂಡದ ಕಡೆ ನೋಡಿ. ಹುರುಪಿನಲ್ಲಿ ಒಮ್ಮೆಗೇ ರಾಶಿ ಗಾರೆ ಕಲಸುತ್ತಾರೆ, ಅರ್ಧ ಗಟ್ಟಿಯಾದ ಮೇಲೆ ಮತ್ತೆ ನೀರು ಸುರಿದು ಮೆತ್ತಗೆ ಮಾಡುತ್ತಾರೆ. ತೂಗುಗುಂಡು ಹಿಡಿಯುವವರಿಲ್ಲದೆ ಗೋಡೆ ವಾಲುತ್ತದೆ. ಹೊರಡುವ ಹಿಂದಿನ ದಿನ ಕೊನೆಯ ಸಾಲು ಮುಗಿಸಿ ಫೋಟೊ ತೆಗೆಸಿಕೊಂಡು ಹೋಗುತ್ತಾರೆ, ನೀರು ಹಾಕಲು ಯಾರನ್ನೂ ಗೊತ್ತುಮಾಡಿರುವುದಿಲ್ಲ. ವಾಲಿದ ಗೋಡೆಯನ್ನು ಕೆಡವಿ ಮತ್ತೆ ಕಟ್ಟುವ ಹೊಣೆ ಅಲ್ಲಿನ ಮೇಸ್ತ್ರಿಯ ತಲೆಗೆ ಬೀಳುತ್ತದೆ, ಅದೂ ಅತಿಥಿಗಳ ಮನಸ್ಸು ನೋಯದಂತೆ.

ಪರಿಹಾರ ಸರಳ, ಆದರೆ ಅಹಂಕಾರವನ್ನು ಬಿಡಬೇಕು. ಕೆಲಸದ ಯಜಮಾನ ಅಲ್ಲಿನ ಮೇಸ್ತ್ರಿಯೇ ಆಗಿರಬೇಕು, ಅವರಿಗೆ ಪೂರ್ತಿ ಕೂಲಿ ಸಿಗಬೇಕು. ತಂಡದವರು ಅವರ ಕೈಕೆಳಗಿನ ಆಳುಗಳು: ಇಟ್ಟಿಗೆ ನೆನೆಸುವುದು, ಮರಳು ಜರಡಿ ಹಿಡಿಯುವುದು, ನೀರು ಹೊರುವುದು. ಗೋಡೆ ಕಟ್ಟುವ ಕೆಲಸ ಪ್ರವಾಸದ ಮೊದಲ ಮೂರು ದಿನಗಳಲ್ಲೇ ಮುಗಿಯುವಂತೆ ಯೋಜಿಸಿ, ಉಳಿದ ಏಳು ದಿನ ನೀರು ಹಾಕುವ ಸರದಿಯನ್ನು ತಂಡವೇ ವಹಿಸಿಕೊಳ್ಳಬಹುದು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಗೋಡೆಗೆ ನೀರು ಹಾಕುವ ಆ ಬೇಸರದ ಕೆಲಸದಲ್ಲಿ ಏನೂ ಬೆಳೆದಂತೆ ಕಾಣುವುದಿಲ್ಲ. ಆದರೆ ಸೇವೆಯೆಂದರೆ ಹೆಚ್ಚಿನ ಪಾಲು ಇಂಥದ್ದೇ. ಅದನ್ನು ಅಲ್ಲಿಯೇ ಕಲಿತವನು ಊರಿಗೆ ಮರಳಿ ಹಾಸಿಗೆ ಹಿಡಿದ ಒಬ್ಬ ವೃದ್ಧರ ಮನೆಗೆ ಪ್ರತಿ ಗುರುವಾರ ಹೋಗಬಲ್ಲ. ಹತ್ತು ದಿನದಲ್ಲಿ ಒಂದು ಕಟ್ಟಡ ಎದ್ದುನಿಂತದ್ದನ್ನು ಮಾತ್ರ ಕಂಡವನಿಗೆ ಆ ಗುರುವಾರಗಳು ಬಹಳ ಬೇಗ ಬೇಸರ ತರುತ್ತವೆ.

ವೈದ್ಯಕೀಯ ಶಿಬಿರಗಳಲ್ಲಿ ಅಪಾಯ ಇನ್ನೂ ಹೆಚ್ಚು. ರಕ್ತದೊತ್ತಡ ಇದೆಯೆಂದು ಗುರುತಿಸಿ ಒಂದು ತಿಂಗಳ ಮಾತ್ರೆ ಕೊಟ್ಟು ಬಂದರೆ ಮೂವತ್ತೊಂದನೇ ದಿನ ಆ ರೋಗಿಗೆ ಯಾರು ಗತಿ? ಅಲ್ಲಿನ ಆರೋಗ್ಯ ಕೇಂದ್ರದವರು ಕೂಡಿಕೊಳ್ಳದ ಶಿಬಿರವನ್ನು ನಡೆಸಲೇಬಾರದು. ರೋಗಿಯ ಕೈಯಲ್ಲಿ ಅವರ ಭಾಷೆಯಲ್ಲೇ ಬರೆದ ಚೀಟಿ ಇರಬೇಕು: ಏನು ಕಂಡಿತು, ಏನು ಕೊಟ್ಟೆವು, ಮುಂದೆ ಎಲ್ಲಿಗೆ ಹೋಗಬೇಕು. ಔಷಧಿ ಕೊಂಡೊಯ್ಯುವುದಾದರೆ ವಿಶ್ವ ಆರೋಗ್ಯ ಸಂಸ್ಥೆ 1996ರಲ್ಲಿ ಮೊದಲು ಪ್ರಕಟಿಸಿದ ಔಷಧ ದಾನದ ಮಾರ್ಗಸೂಚಿ ಇದೆ. ತಲುಪುವಾಗ ಔಷಧಿಯ ಅವಧಿ ಕನಿಷ್ಠ ಒಂದು ವರ್ಷ ಉಳಿದಿರಬೇಕು, ರೋಗಿಗಳು ಬಳಸಿ ಉಳಿಸಿದ ಮಾತ್ರೆಗಳನ್ನು ದಾನ ಮಾಡಬಾರದು. ಸಭೆಯವರ ಮನೆಗಳಿಂದ ಉಳಿದ ಮಾತ್ರೆಗಳನ್ನು ಪ್ರೀತಿಯಿಂದ ಕೂಡಿಸಿಕೊಂಡು ಹೋಗುವ ತಂಡಗಳು ಇದನ್ನು ಗಮನಿಸಬೇಕು. ಕೆಲವು ದಿನಗಳಲ್ಲಿ ಮುಗಿದು, ಬಹುಕಾಲ ಉಪಯೋಗಕ್ಕೆ ಬರುವ ಕೆಲಸವೂ ಇದೆ. ನಲವತ್ತು ದಾಟಿದವರಿಗೆ ಹತ್ತಿರದ್ದು ಮಸುಕಾಗುವುದು ಸಹಜ. ನಲವತ್ತು ಸೆಂಟಿಮೀಟರ್ ದೂರದಲ್ಲಿ ಅಕ್ಷರ ಅಥವಾ ಸೂಜಿಯ ಕಣ್ಣು ತೋರಿಸಿ, +1ರಿಂದ +3 ಪವರ್‌ವರೆಗಿನ ಸಿದ್ಧ ಓದುವ ಕನ್ನಡಕಗಳಲ್ಲಿ ಹೊಂದುವುದನ್ನು ಕೊಡುವುದನ್ನು ತರಬೇತಿ ಪಡೆದ ಸಾಮಾನ್ಯ ಸ್ವಯಂಸೇವಕರೂ ಮಾಡಬಲ್ಲರು. ದೂರದ್ದೂ ಮಸುಕಾಗಿದ್ದರೆ, ಕಣ್ಣು ಕೆಂಪಾಗಿದ್ದರೆ, ಪೊರೆ ಕಂಡರೆ ಅದು ಕಣ್ಣಿನ ವೈದ್ಯರ ಕೆಲಸ.

ಮಕ್ಕಳ ವಿಷಯದಲ್ಲಿ ಯಾವ ರಿಯಾಯಿತಿಯೂ ಬೇಡ. ಅನಾಥಾಲಯಕ್ಕೆ ಹೋಗಿ ಒಂದು ವಾರ ಮಕ್ಕಳನ್ನು ಎತ್ತಿ ಆಡಿಸಿ ಬರುವ ಪ್ರವಾಸಗಳು ಹೋದವರ ಮನಸ್ಸನ್ನು ಬಹಳ ಕಲಕುತ್ತವೆ, ಅದಕ್ಕೇ ಅವು ಜನಪ್ರಿಯ. ಆ ಮಗುವಿನ ಕಡೆಯಿಂದ ನೋಡಿದರೆ, ವಾರಕ್ಕೊಬ್ಬ ಹೊಸಬರು ಬಂದು ಪ್ರೀತಿ ತೋರಿಸಿ ಮಾಯವಾಗುತ್ತಾರೆ. ಸಂದರ್ಶಕರ ಹಣಕ್ಕಾಗಿ ತಂದೆತಾಯಿ ಇರುವ ಮಕ್ಕಳನ್ನೇ ತಂದು ತುಂಬುವ ದಂಧೆಯೂ ಕೆಲವು ದೇಶಗಳಲ್ಲಿ ಬೆಳೆಯಿತು. ಆಸ್ಟ್ರೇಲಿಯಾದಲ್ಲಿ 2018ರ ಆಧುನಿಕ ಗುಲಾಮಗಿರಿ ಕಾಯ್ದೆಯ ಸಂದರ್ಭದಲ್ಲಿ ಇದು ದೊಡ್ಡ ಚರ್ಚೆಯಾಯಿತು, 2019ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆಯೂ ಅನಾಥಾಲಯ ಸ್ವಯಂಸೇವೆಯ ಹಾನಿಗಳ ಬಗ್ಗೆ ನಿರ್ಣಯದಲ್ಲಿ ಎಚ್ಚರಿಸಿತು. ಒಳ್ಳೆಯ ಉದ್ದೇಶ ಎಲ್ಲಿಗೆ ತಲುಪಬಹುದೆಂಬುದಕ್ಕೆ 2010ರ ಭೂಕಂಪದ ನಂತರ ಹೈಟಿಯಲ್ಲಿ ನಡೆದದ್ದನ್ನು ಮರೆಯಬಾರದು. ಅಮೆರಿಕದಿಂದ ಬಂದ ಹತ್ತು ಮಂದಿಯ ಚರ್ಚ್ ತಂಡವೊಂದು 33 ಮಕ್ಕಳನ್ನು ಸರಿಯಾದ ದಾಖಲೆಯಿಲ್ಲದೆ ಗಡಿ ದಾಟಿಸಲು ಹೋಗಿ ಬಂಧನಕ್ಕೊಳಗಾಯಿತು. ಆ ಮಕ್ಕಳಲ್ಲಿ ಅನೇಕರಿಗೆ ಹೆತ್ತವರಿದ್ದರು. ಆದ್ದರಿಂದ ನಿಯಮ ಕಟ್ಟುನಿಟ್ಟಾಗಿರಲಿ: ಮಕ್ಕಳ ಜೊತೆ ಯಾವಾಗಲೂ ಇಬ್ಬರು ದೊಡ್ಡವರು, ಅವರಲ್ಲಿ ಒಬ್ಬರು ಆ ಊರಿನವರು. ಹೆತ್ತವರ ಒಪ್ಪಿಗೆ ಇಲ್ಲದೆ ಫೋಟೊ ಇಲ್ಲ. ಮಗುವಿನ ಹೆಸರು, ಊರು, ಮುಖ ಮೂರೂ ಒಟ್ಟಿಗೆ ಎಲ್ಲಿಯೂ ಪ್ರಕಟವಾಗಬಾರದು. ವಿಬಿಎಸ್ (ರಜೆಯಲ್ಲಿ ಮಕ್ಕಳಿಗಾಗಿ ನಡೆಸುವ ಬೈಬಲ್ ಶಾಲೆ) ನಡೆಸುವುದಾದರೆ ಅಲ್ಲಿನ ಭಾನುವಾರ ಶಾಲೆಯ ಶಿಕ್ಷಕರೇ ಮುಂದೆ ನಿಂತು ನಡೆಸಲಿ, ಬಂದವರು ಕಾಗದ ಕತ್ತರಿಸಿಕೊಡಲಿ, ಚಾಪೆ ಹಾಸಲಿ.

ಸುವಾರ್ತೆ ಮತ್ತು ನೆರವಿನ ಸಂಬಂಧದ ಬಗ್ಗೆಯೂ ಮನಸ್ಸು ಸ್ಪಷ್ಟವಾಗಿರಬೇಕು. ರೆಡ್‌ಕ್ರಾಸ್ ಮತ್ತು ಅನೇಕ ನೆರವು ಸಂಸ್ಥೆಗಳು, ಕ್ರೈಸ್ತ ಸಂಸ್ಥೆಗಳೂ ಸೇರಿ, ಒಪ್ಪಿಕೊಂಡಿರುವ 1994ರ ನೀತಿಸಂಹಿತೆ ನೆರವನ್ನು ಯಾವುದೇ ಧಾರ್ಮಿಕ ನಿಲುವನ್ನು ಮುಂದೊತ್ತಲು ಬಳಸಬಾರದೆನ್ನುತ್ತದೆ. ಅನ್ನ, ಔಷಧಿ, ಬಟ್ಟೆ ಕೊಡುವುದಕ್ಕೆ ಪ್ರಾರ್ಥನೆಗೆ ಬರಬೇಕೆಂಬ ಷರತ್ತು ಹಾಕಬಾರದು, ಹಾಕಿದಂತೆ ತೋರುವ ಸಾಲು ಕೂಡ ಇರಬಾರದು. ಸಮಾರ್ಯದವನು ಗಾಯಗೊಂಡವನ ನಂಬಿಕೆಯನ್ನು ವಿಚಾರಿಸಲಿಲ್ಲ. ಇನ್ನು, ಪ್ರವಾಸಿ ವೀಸಾದಲ್ಲಿ ಧರ್ಮಬೋಧನೆಗೆ, ಕೆಲವೆಡೆ ಸ್ವಯಂಸೇವೆಗೂ, ಅನೇಕ ದೇಶಗಳು ಅನುಮತಿ ಕೊಡುವುದಿಲ್ಲ. ಅದನ್ನು ಮೀರಿದರೆ ಶಿಕ್ಷೆ ಅನುಭವಿಸುವವರು ಬಂದು ಹೋದವರಷ್ಟೇ ಅಲ್ಲ, ಅಲ್ಲೇ ಉಳಿಯುವ ಸಭೆಯವರೂ.

ಆರೋಗ್ಯದ ತಯಾರಿಯನ್ನು ಕೊನೆಯ ವಾರಕ್ಕೆ ಬಿಡಬಾರದು. ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ ಲಸಿಕೆ ಹಾಕಿಸಿಕೊಂಡ ಹತ್ತು ದಿನಗಳ ನಂತರವಷ್ಟೇ ಊರ್ಜಿತವಾಗುತ್ತದೆ. ವಿಷಮಶೀತ ಜ್ವರದ (ಟೈಫಾಯ್ಡ್) ಚುಚ್ಚುಮದ್ದನ್ನು ಎರಡು ವಾರ ಮುಂಚೆಯೇ ಹಾಕಿಸಿಕೊಳ್ಳಬೇಕು. ಮಲೇರಿಯಾ ತಡೆಯುವ ಮಾತ್ರೆಗಳಲ್ಲಿ ಕೆಲವನ್ನು ಮರಳಿದ ಮೇಲೂ ನಾಲ್ಕು ವಾರ ನುಂಗಬೇಕು, ಮನೆ ತಲುಪಿದ ಖುಷಿಯಲ್ಲಿ ಬಿಟ್ಟುಬಿಡುವವರೇ ಹೆಚ್ಚು. ಭೇದಿ ಶುರುವಾದರೆ ಓಆರ್‌ಎಸ್ ಪೊಟ್ಟಣ, ಅದು ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಮಟ್ಟ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು.

ಪ್ರವಾಸದ ನಾಲ್ಕನೆಯದೋ ಐದನೆಯದೋ ದಿನ ತಂಡದ ಒಳಗೆ ಒಂದು ಕಿರಿಕಿರಿ ಶುರುವಾಗುತ್ತದೆ. ನಿದ್ದೆ ಕಡಿಮೆ, ಯೋಜನೆ ಬದಲಾಗುತ್ತಲೇ ಇರುತ್ತದೆ, ಭಾಷೆ ತಿಳಿಯದ ಆಯಾಸ. 'ಇವರಿಗೆ ಸಮಯದ ಬೆಲೆಯೇ ಗೊತ್ತಿಲ್ಲ' ಎಂಬ ಮಾತು ಬರುತ್ತದೆ. ಇದನ್ನು ಮುಚ್ಚಿಡದೆ ಪ್ರತಿ ರಾತ್ರಿ ನಲವತ್ತು ನಿಮಿಷ ಎಲ್ಲರೂ ಕೂತು ಮಾತಾಡಬೇಕು. ಹಾಡು, ಧ್ಯಾನ ಬೆಳಿಗ್ಗೆ ಇರಲಿ. ರಾತ್ರಿಯ ಈ ಹೊತ್ತು ಮೂರೇ ಪ್ರಶ್ನೆಗಳಿಗೆ ಮೀಸಲು. ಇವತ್ತು ನಿನಗೆ ಯಾರು ಸಹಾಯ ಮಾಡಿದರು, ಅವರ ಹೆಸರೇನು? ಇವತ್ತು ನಿನಗೆ ಅರ್ಥವಾಗದೇ ಹೋದದ್ದು ಏನು? ಇಲ್ಲಿ ಕಂಡದ್ದು ನಿನ್ನ ಊರಿನಲ್ಲಿ ಎಲ್ಲಿದೆ?

ಮೊದಲನೆಯದು ಹೆಸರು ಕಲಿಸುತ್ತದೆ. ಹೆಸರೇ ಗೊತ್ತಿಲ್ಲದವರ ಬಗ್ಗೆ ಹುಟ್ಟುವುದು ಮರುಕ ಮಾತ್ರ. ಎರಡನೆಯದು ಬೇಗ ತೀರ್ಪು ಕೊಡುವ ಚಟವನ್ನು ಬಿಡಿಸುತ್ತದೆ. ಮೂರನೆಯದಕ್ಕೆ ಆರಂಭದ ರಾತ್ರಿಗಳಲ್ಲಿ ಯಾರ ಬಳಿಯೂ ಉತ್ತರವಿರುವುದಿಲ್ಲ. ಆರನೇ ರಾತ್ರಿಯ ಹೊತ್ತಿಗೆ ಒಬ್ಬರಿಗೆ ತಮ್ಮ ಬೀದಿಯ ಕೊನೆಯಲ್ಲಿ ಒಂಟಿಯಾಗಿರುವ ಅಜ್ಜಿ ನೆನಪಾಗುತ್ತಾರೆ, ಇನ್ನೊಬ್ಬರಿಗೆ ದೊಡ್ಡಾಸ್ಪತ್ರೆಯ ವರಾಂಡದಲ್ಲಿ ರಾತ್ರಿ ಕಳೆಯುವ ರೋಗಿಗಳ ಕಡೆಯವರು, ಮತ್ತೊಬ್ಬರಿಗೆ ತಾವು ದಿನವೂ ದಾಟಿ ಹೋಗುವ ವಲಸೆ ಕಾರ್ಮಿಕರ ಶೆಡ್ಡುಗಳು. ದೂರದೂರಿನಲ್ಲಿ ಕಲಿತ ಕಣ್ಣು ತನ್ನೂರಿನ ಕಡೆ ತಿರುಗುವ ಆ ಕ್ಷಣವೇ ಈ ಪ್ರವಾಸದ ನಿಜವಾದ ಫಲ. ನಾಯಕರು ಅದನ್ನು ಕೇಳಿಸಿಕೊಂಡು ಸುಮ್ಮನಾಗದೆ ಅಲ್ಲೇ ಬರೆದಿಟ್ಟುಕೊಳ್ಳಬೇಕು.

ಮರಳಿದ ಎಪ್ಪತ್ತು ಮಂದಿ ಸಂತೋಷದಿಂದ ಉಬ್ಬಿಹೋಗಿದ್ದರು, ದೆವ್ವಗಳೂ ತಮಗೆ ಅಧೀನವಾದವು ಎಂದರು. ಯೇಸು ಅವರ ಸಂತೋಷವನ್ನು ತಳ್ಳಿಹಾಕಲಿಲ್ಲ, ಅದರ ಕಾರಣವನ್ನು ಬದಲಿಸಿದ: ದೆವ್ವಗಳು ಅಧೀನವಾದದ್ದಕ್ಕಲ್ಲ, ನಿಮ್ಮ ಹೆಸರುಗಳು ಪರಲೋಕದಲ್ಲಿ ಬರೆದಿರುವುದಕ್ಕೆ ಸಂತೋಷಪಡಿ. ಸಾಧನೆಯ ಲೆಕ್ಕದ ಮೇಲೆ ನಿಂತ ಹುರುಪು ಮುಂದಿನ ಸಾಧನೆ ಸಿಗದಿದ್ದಾಗ ಇಳಿದುಹೋಗುತ್ತದೆ. ಮಾರ್ಕನ ಆರನೇ ಅಧ್ಯಾಯದಲ್ಲಿ ಹನ್ನೆರಡು ಮಂದಿ ಮರಳಿ ಮಾಡಿದ್ದನ್ನೆಲ್ಲ ಹೇಳಿಕೊಂಡಾಗ ಸಿಕ್ಕ ಉತ್ತರ ಇನ್ನೂ ಮೃದುವಾದದ್ದು: ಏಕಾಂತ ಸ್ಥಳಕ್ಕೆ ಬಂದು ಸ್ವಲ್ಪ ದಣಿವಾರಿಸಿಕೊಳ್ಳಿ. ಇಷ್ಟಾದರೂ ನಮ್ಮಲ್ಲಿ ವಿಮಾನ ಇಳಿದ ಮರುದಿನವೇ ಸಾಕ್ಷಿ ಹೇಳಿಸುವ ಆತುರ. ಎರಡು ವಾರ ಕಾಯುವುದು ಒಳ್ಳೆಯದು. ಅಷ್ಟರಲ್ಲಿ ಹೇಳಬೇಕಾದದ್ದು ಯಾವುದು, ಕಣ್ಣೀರು ತರಿಸಲೆಂದು ಹೇಳುತ್ತಿರುವುದು ಯಾವುದು ಎಂಬುದು ಬೇರೆಯಾಗಿರುತ್ತದೆ.

1998ರಲ್ಲಿ ಮಿಚ್ ಚಂಡಮಾರುತ ಮಧ್ಯ ಅಮೆರಿಕದ ಹೊಂಡುರಾಸ್ ದೇಶದಲ್ಲಿ ಅಪಾರ ಹಾನಿ ಮಾಡಿದ ನಂತರ ಉತ್ತರ ಅಮೆರಿಕದ ಚರ್ಚ್ ತಂಡಗಳು ಹೋಗಿ ಮನೆ ಕಟ್ಟಿಕೊಟ್ಟವು. ಸಮಾಜಶಾಸ್ತ್ರಜ್ಞ ಕರ್ಟ್ ವೆರ್ ಬೇಕ್ ಆಮೇಲೆ ಎರಡೂ ಕಡೆಯವರನ್ನು ಮಾತಾಡಿಸಿದರು. ಹೊರಗಿನ ತಂಡ ಕಟ್ಟಿದ ಮನೆಯಲ್ಲಿರುವವರಿಗೂ ಸ್ಥಳೀಯ ಕ್ರೈಸ್ತ ಸಂಸ್ಥೆಗಳು ಕಟ್ಟಿದ ಮನೆಯಲ್ಲಿರುವವರಿಗೂ ಬದುಕಿನಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಹೋಗಿ ಬಂದವರಲ್ಲಿ ಬಹಳ ಮಂದಿ ತಾವು ಬದಲಾದೆವೆಂದರು, ಕಾಣಿಕೆಯ ದಾಖಲೆಗಳನ್ನು ತೆಗೆದು ನೋಡಿದರೆ ಆ ಮಟ್ಟದ ಬದಲಾವಣೆ ಇರಲಿಲ್ಲ. ಇದನ್ನು ಓದಿ ಮಿಷನ್ ಪ್ರವಾಸವೇ ವ್ಯರ್ಥ ಎನ್ನುವವರಿದ್ದಾರೆ. ನಮ್ಮ ಅಭಿಪ್ರಾಯ ಹಾಗಲ್ಲ. ಅನುಭವ ಎಷ್ಟೇ ತೀವ್ರವಾಗಿದ್ದರೂ ಅದಕ್ಕೆ ಹಿಂದೆ ತಯಾರಿ, ಮುಂದೆ ಜವಾಬ್ದಾರಿ ಇಲ್ಲದಿದ್ದರೆ ಅದು ನಿಲ್ಲುವುದಿಲ್ಲ ಎಂಬುದನ್ನಷ್ಟೇ ಅದು ತೋರಿಸುತ್ತದೆ.

ಆ ಜವಾಬ್ದಾರಿ ಹೇಗಿರಬೇಕು? ಸಮಾರ್ಯದವನ ಕಥೆಯಲ್ಲಿ ನಾವು ಕನಿಕರ ಎಂಬ ಪದದ ಬಳಿಯೇ ನಿಂತುಬಿಡುತ್ತೇವೆ. ಲೂಕನು ಅದರ ನಂತರವೂ ವಿವರವಾಗಿ ಬರೆದಿದ್ದಾನೆ. ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹೊಯ್ದು ಕಟ್ಟಿದ. ತನ್ನ ಸವಾರಿಯ ಪ್ರಾಣಿಯ ಮೇಲೆ ಕೂರಿಸಿದ, ಅಂದರೆ ತಾನು ನಡೆದ. ಛತ್ರಕ್ಕೆ ಕರೆದೊಯ್ದು ಆ ರಾತ್ರಿ ಆರೈಕೆ ಮಾಡಿದ. ಮರುದಿನ ತನ್ನ ಪ್ರಯಾಣ ಮುಂದುವರಿಸಿದ, ಆದರೆ ಛತ್ರದವನಿಗೆ ಎರಡು ದಿನಾರಿ ನಾಣ್ಯ ಕೊಟ್ಟು ಹೋದ. ಮತ್ತಾಯನ ಇಪ್ಪತ್ತನೇ ಅಧ್ಯಾಯದ ದ್ರಾಕ್ಷಿತೋಟದ ಕೂಲಿಯ ಲೆಕ್ಕದಲ್ಲಿ ಅದು ಎರಡು ದಿನದ ಸಂಬಳ. ಹೆಚ್ಚು ಖರ್ಚಾದರೆ ತಿರುಗಿ ಬರುವಾಗ ಕೊಡುತ್ತೇನೆಂದ. ಆಸ್ತಿ ಮಾರಲಿಲ್ಲ, ಛತ್ರದಲ್ಲೇ ನೆಲೆಸಲಿಲ್ಲ. ಹೇಳಿದಷ್ಟು ಮಾಡಿದ, ನೋಡಿಕೊಳ್ಳಲು ಒಬ್ಬನನ್ನು ಗೊತ್ತುಮಾಡಿದ, ತಿರುಗಿ ಬರುವ ಮಾತು ಕೊಟ್ಟ.

ಮರಳಿದವರಿಗೂ ಇದೇ ಅಳತೆ ಸಾಕು. ಪ್ರವಾಸದ ಕೊನೆಯ ದಿನ ಪ್ರತಿಯೊಬ್ಬರೂ ಒಂದು ಕಾಗದದಲ್ಲಿ ಬರೆಯಲಿ: ನನ್ನೂರಿನ ಒಂದು ಸ್ಥಳ, ವಾರದ ಒಂದು ದಿನ, ಎರಡು ಗಂಟೆ, ಮೂರು ತಿಂಗಳು. ಅದಕ್ಕಿಂತ ದೊಡ್ಡ ಪ್ರಮಾಣ ಬೇಡ. ಮರಳಿದ ಎರಡು ವಾರದೊಳಗೆ ಆ ಸ್ಥಳಕ್ಕೆ ಒಮ್ಮೆ ಹೋಗಿ ಬರಬೇಕು. ತಡವಾದಷ್ಟೂ ಹಳೆಯ ದಿನಚರಿ ಆ ಎರಡು ಗಂಟೆಗಳನ್ನು ನುಂಗಿಹಾಕುತ್ತದೆ. ಅಲ್ಲಿಗೆ ಹೋಗಿ 'ನನಗೆ ಮಕ್ಕಳೆಂದರೆ ಇಷ್ಟ, ಮಕ್ಕಳ ಕೆಲಸ ಕೊಡಿ' ಎನ್ನುವುದಕ್ಕಿಂತ 'ನಿಮಗೆ ಜನ ಸಿಗದ ಕೆಲಸ ಯಾವುದು?' ಎಂದು ಕೇಳಬೇಕು. ಸಾಮಾನ್ಯವಾಗಿ ಪಾತ್ರೆ ತೊಳೆಯುವುದೋ, ದಾಖಲೆ ಬರೆಯುವುದೋ, ಗಾಲಿಕುರ್ಚಿಯಲ್ಲಿರುವವರನ್ನು ಡಾಕ್ಟರ ಬಳಿ ಕರೆದೊಯ್ಯುವುದೋ ಇರುತ್ತದೆ. ಪ್ರವಾಸದಲ್ಲಿ ಜೊತೆಯಾಗಿದ್ದ ಇಬ್ಬಿಬ್ಬರು ಇಲ್ಲಿಯೂ ಜೊತೆಯಾಗಿರಲಿ, ವಾರಕ್ಕೊಮ್ಮೆ ಒಬ್ಬರನ್ನೊಬ್ಬರು ವಿಚಾರಿಸಲಿ. ತಂಡ ಒಂದನೇ, ಮೂರನೇ, ಆರನೇ ವಾರ ಸೇರಲಿ. ಆರನೇ ವಾರ ಆ ಕಾಗದವನ್ನು ತೆರೆದು ಓದಲಿ.

ಈ ವಾರಗಳಲ್ಲಿ ಕೆಡುವುದು ಎರಡು ರೀತಿ. ಒಂದು, ಮರಳಿದವರಿಗೆ ತಮ್ಮ ಸಭೆಯ ಮೇಲೆ ಬೇಸರ: ಇವರು ಕುರ್ಚಿಯ ಬಣ್ಣದ ಬಗ್ಗೆ ವಾದಿಸುತ್ತಾರೆ, ಅಲ್ಲಿ ಕೂರಲು ನೆಲವೂ ಸರಿಯಿಲ್ಲ. ಆ ನೋವು ನ್ಯಾಯವಾದದ್ದು, ಆದರೆ ತಿರಸ್ಕಾರವಾಗಿ ತಿರುಗಿದರೆ ಅವರನ್ನು ಕಳುಹಿಸಿದವರೇ ದೂರವಾಗುತ್ತಾರೆ. ಎರಡನೆಯದು ಹಣ. ಅಲ್ಲಿ ಪರಿಚಯವಾದ ಒಂದು ಕುಟುಂಬಕ್ಕೆ ನೇರವಾಗಿ ಹಣ ಕಳುಹಿಸಲು ಶುರುಮಾಡಿದರೆ ಅಕ್ಕಪಕ್ಕದವರಲ್ಲಿ ಅಸೂಯೆ, ಸಭಾಪಾಲಕರ ಮೇಲೆ ಅನುಮಾನ, ಕಳುಹಿಸುವುದು ನಿಂತಾಗ ಆ ಕುಟುಂಬಕ್ಕೆ ಹೊಡೆತ. ಅಲ್ಲಿರುವಾಗ ಯಾರಿಗೂ ವೈಯಕ್ತಿಕವಾಗಿ ಮಾತು ಕೊಡಬಾರದೆಂಬ ನಿಯಮವನ್ನು ಹೊರಡುವ ಮುಂಚೆಯೇ ಎಲ್ಲರಿಂದ ಒಪ್ಪಿಸಿಕೊಳ್ಳಬೇಕು. ಪ್ರವಾಸಕ್ಕಾಗಿ ಕೂಡಿಸಿದ ಹಣದಲ್ಲಿ ಹತ್ತರಲ್ಲಿ ಒಂದು ಪಾಲನ್ನಾದರೂ ಮುಂದಿನ ಖರ್ಚಿಗೆಂದು ಅಲ್ಲಿನ ಸಭೆಯ ಲೆಕ್ಕಕ್ಕೆ ಮೊದಲೇ ಹಾಕಿಟ್ಟರೆ, ಛತ್ರದವನಿಗೆ ಕೊಟ್ಟ ಎರಡು ದಿನಾರಿಯ ಕೆಲಸ ಅದು ಮಾಡುತ್ತದೆ.

ಕೆಲವರಿಗೆ ಎರಡು ಗಂಟೆ ಸಾಲುವುದಿಲ್ಲ, ಅವರಿಗೆ ಬದುಕೇ ತಿರುಗುತ್ತದೆ. 1890ರ ದಶಕದ ಆರಂಭದಲ್ಲಿ ಮಿಷನರಿ ತಂದೆತಾಯಿಯನ್ನು ನೋಡಿಕೊಂಡು ಹೋಗಲೆಂದು ಅಮೆರಿಕದಿಂದ ಈಗಿನ ತಮಿಳುನಾಡಿನ ತಿಂಡಿವನಕ್ಕೆ ಬಂದಿದ್ದ ಐಡಾ ಸ್ಕಡರ್ ಎಂಬ ತರುಣಿಯ ಬಾಗಿಲಿಗೆ ಒಂದೇ ರಾತ್ರಿ ಮೂವರು ಗಂಡಸರು ಬಂದರು. ಹೆರಿಗೆಯಲ್ಲಿ ಸಂಕಟಪಡುತ್ತಿದ್ದ ಹೆಂಡತಿಯರನ್ನು ಗಂಡು ವೈದ್ಯರು ಮುಟ್ಟಲು ಅವರು ಒಪ್ಪಲಿಲ್ಲ, ಮೂವರು ಹೆಂಗಸರೂ ತೀರಿಕೊಂಡರು. ಮಿಷನರಿ ಆಗಲಾರೆ ಎಂದಿದ್ದ ಆಕೆ ಅಮೆರಿಕಕ್ಕೆ ಮರಳಿ ವೈದ್ಯಕೀಯ ಓದಿ, 1900ರಲ್ಲಿ ವೇಲೂರಿನಲ್ಲಿ ಒಂದೇ ಹಾಸಿಗೆಯ ಚಿಕಿತ್ಸಾಲಯ ತೆರೆದರು. ಹೆಣ್ಣುಮಕ್ಕಳಿಗಾಗಿ 1918ರಲ್ಲಿ ವೈದ್ಯಕೀಯ ಶಾಲೆ ಶುರುವಾಯಿತು. ದೇವಶಾಸ್ತ್ರದ ವಿದ್ವಾಂಸ ಆಲ್ಬರ್ಟ್ ಶ್ವೈಟ್ಜರ್ ಆಫ್ರಿಕಾದಲ್ಲಿ ವೈದ್ಯರ ಕೊರತೆಯ ಬಗ್ಗೆ ಓದಿ 1905ರಲ್ಲಿ ವೈದ್ಯಕೀಯ ಕಲಿಯಲು ಸೇರಿದವರು ಈಗಿನ ಗಬಾನ್ ದೇಶದ ಲಾಂಬರೇನೆ ತಲುಪಿದ್ದು 1913ರಲ್ಲಿ. ಕರೆಗೂ ಕೆಲಸಕ್ಕೂ ನಡುವೆ ಇಬ್ಬರೂ ವರ್ಷಗಟ್ಟಲೆ ಓದಿನ ಮೇಜಿನ ಮುಂದೆ ಕಳೆದರು. ಪ್ರವಾಸದಿಂದ ಮರಳಿದ ವಾರವೇ ಕೆಲಸ ಬಿಟ್ಟು ಹೊರಡುತ್ತೇನೆ ಎನ್ನುವ ಯುವಕನಿಗೆ ಇದನ್ನು ಹೇಳಬೇಕು: ನಿನ್ನ ಆಸೆ ನಿಜವಾಗಿದ್ದರೆ ಅದು ನರ್ಸಿಂಗ್ ಕೋರ್ಸಿನ ಪರೀಕ್ಷೆಗಳನ್ನೂ, ಒಂದು ಭಾಷೆಯ ವ್ಯಾಕರಣವನ್ನೂ ತಾಳಿಕೊಳ್ಳುತ್ತದೆ. ಹಾಗೆಂದು ಎಲ್ಲರ ದಾರಿಯೂ ನಿಧಾನದ್ದಲ್ಲ. 1957ರಲ್ಲಿ ವಿದ್ಯಾರ್ಥಿಯಾಗಿದ್ದ ಜಾರ್ಜ್ ವರ್ವರ್ ಇಬ್ಬರು ಗೆಳೆಯರೊಂದಿಗೆ ಪುಸ್ತಕಗಳನ್ನು ತುಂಬಿಕೊಂಡು ಮೆಕ್ಸಿಕೋಕ್ಕೆ ಮಾಡಿದ ಬೇಸಿಗೆಯ ಪ್ರವಾಸವೇ ಮುಂದೆ ಆಪರೇಷನ್ ಮೊಬಿಲೈಸೇಷನ್ ಎಂಬ ಅಂತರರಾಷ್ಟ್ರೀಯ ಮಿಷನ್ ಸಂಸ್ಥೆಯಾಗಿ ಬೆಳೆಯಿತು.

ಲೂಕನ ಆ ಹತ್ತನೇ ಅಧ್ಯಾಯದ ಕೊನೆಯಲ್ಲಿ ಮಾರ್ಥ ಇದ್ದಾಳೆ. ಯೇಸುವನ್ನು ಮನೆಗೆ ಕರೆದವಳು ಅವಳೇ, ದುಡಿಯುತ್ತಿರುವವಳೂ ಅವಳೇ, ಆದರೆ ದುಡಿಮೆಯ ನಡುವೆ ತಂಗಿಯ ಮೇಲೆ ಸಿಟ್ಟು, ಅತಿಥಿಯ ಮೇಲೂ ದೂರು. ಸೇವೆಗೆ ಇಳಿದು ಎರಡು ಮೂರು ವರ್ಷವಾದವರಲ್ಲಿ ಈ ಲಕ್ಷಣ ಕಾಣಿಸಿಕೊಂಡರೆ ಅವರನ್ನು ಗದರಿಸಬಾರದು. ಹೊರೆಯನ್ನು ಇಳಿಸಿ, ಕೆಲವು ವಾರ ರಜ ಕೊಟ್ಟು, ದೇವರ ವಾಕ್ಯದ ಮುಂದೆ ಸುಮ್ಮನೆ ಕೂರಲು ಬಿಡಬೇಕು. ಅವರ ಬದಲಿಗೆ ನಿಲ್ಲಲು ಇನ್ನೊಬ್ಬರನ್ನು ತಯಾರು ಮಾಡಿಡುವುದು ಸಭೆಯ ಹಿರಿಯರ ಹೊಣೆ.

ಆರನೇ ತಿಂಗಳಲ್ಲಿ ಅಲ್ಲಿನ ಸಭಾಪಾಲಕರಿಗೆ ಒಂದು ಫೋನ್ ಮಾಡುವುದನ್ನು ಯೋಜನೆಯಲ್ಲೇ ಬರೆದಿಡಿ. ಗೋಡೆ ಬಿರುಕು ಬಿಟ್ಟಿದೆಯೇ, ಚೀಟಿ ಕೊಟ್ಟ ರೋಗಿಗಳಲ್ಲಿ ಎಷ್ಟು ಮಂದಿ ಆರೋಗ್ಯ ಕೇಂದ್ರಕ್ಕೆ ಹೋದರು, ನಮ್ಮಿಂದ ನಿಮಗೆ ತೊಂದರೆಯಾದದ್ದೇನು ಎಂದು ಕೇಳಿ. ಕೊನೆಯ ಪ್ರಶ್ನೆಗೆ ಮೊದಲ ಸಲ 'ಏನೂ ಇಲ್ಲ' ಎಂಬ ಉತ್ತರವೇ ಬರುತ್ತದೆ. ಮುಂದಿನ ತಿಂಗಳು ಮತ್ತೆ ಫೋನ್ ಮಾಡಿ ಮತ್ತೊಮ್ಮೆ ಕೇಳಿ. ಅವರು ನಿಜ ಹೇಳಲು ಆರಂಭಿಸಿದ ದಿನ, ಮುಂದಿನ ತಂಡದಲ್ಲಿ ಯಾರು ಬರಬೇಕು, ಏನು ಕೆಲಸ ಎಂಬುದನ್ನು ಅವರಿಗೇ ಬಿಟ್ಟುಕೊಡಿ.